ಮುಖ್ಯ ಅತಿಥಿಗಳು ಮನೆ ಮುಟ್ಟಿದ್ದು

ನಮ್ಮಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಕೊನೆಗೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಆ ದಿನ ಶಾಲೆಯ ಹೆಡ್‌ಮಿಸ್ಟ್ರೆಸ್ ಕಾಂತಾ ಬಾಯಾರ ಮುಂದೆ ಕೈಕಟ್ಟಿ ನಿಂತು ಅವನು ಹೇಳಿದ್ದು ಇಷ್ಟೇ: "ಖಾನಾಪುರದ ಬ್ಯಾಂಡ್ ಕಂಪನಿಯೊಳಗ ಹನ್ನೆರಡು ವರ್ಷ ಇದ್ದೆನ್ರಿ, ಬಾಯಾರ." ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಂಪನಿಯಲ್ಲಿ ಏನು ಮಾಡುತ್ತಿದ್ದೆ ಎಂದು ಬಾಯಾರು ಕೇಳಲಿಲ್ಲ. ಕೇಳದ್ದನ್ನು ಹೇಳುವ ಚಾಳಿ ಅಪ್ಪನಿಗಿಲ್ಲ.

ಅಪ್ಪನ ಹೆಸರು ನಾಗಲಿಂಗ. ಬೆಳಗಾವಿಯ ಸದಾಶಿವನಗರದ ಒಂದು ಖಾಸಗಿ ಶಾಲೆಯಲ್ಲಿ ಗಂಟೆ ಬಾರಿಸುವ ಸಿಪಾಯಿ. ಹದಿನಾಲ್ಕು ವರ್ಷ ಅವನು ಕಬ್ಬಿಣದ ಹಳಿಯ ತುಂಡಿಗೆ ಸುತ್ತಿಗೆಯಿಂದ ಹೊಡೆದ ಮೇಲೆಯೇ ಆ ಶಾಲೆಯಲ್ಲಿ ಗಣಿತ ಮುಗಿದು ಇತಿಹಾಸ ಶುರುವಾಗುತ್ತಿತ್ತು. ಈ ವರ್ಷ ಕಮಿಟಿಯವರು ಕರೆಂಟಿನ ಗಂಟೆ ತಂದು ಗೋಡೆಗೆ ಬಿಗಿದರು. ಅದು ಯಾರನ್ನೂ ಕೇಳದೆ ತಾನೇ ಹೊಡೆದುಕೊಳ್ಳುತ್ತದೆ, ಚಹಾಕ್ಕೆ ಹೋಗುವುದಿಲ್ಲ, ಅಮಾವಾಸ್ಯೆಗೆ ರಜೆ ಕೇಳುವುದಿಲ್ಲ. ಒಂದು ತಿಂಗಳು ಅಪ್ಪ ಅದರ ಕೆಳಗೆ ಸ್ಟೂಲು ಹಾಕಿಕೊಂಡು ಕುಳಿತು, ಅದು ಹೊಡೆದಾಗೊಮ್ಮೆ ತಲೆಯಾಡಿಸಿ ಒಪ್ಪಿಗೆ ಕೊಡುತ್ತಿದ್ದ. ಆಮೇಲೆ ಬಾಯಾರು ಕರೆಸಿದರು.

"ನಾಗಲಿಂಗ, ಕಮಿಟಿಯವ್ರು ನಿನ್ನ ಬಗ್ಗೆ ಕೇಳಾಕತ್ತಾರ. ಗಂಟಿ ತಾನ ಹೊಡಕೊಳ್ಳಾಕತ್ತ ಮ್ಯಾಲ ಈ ಮನಿಶ್ಯಾ ಎದಕ್ಕ ಅಂತಾರ. ನಿನಗ ಬ್ಯಾರೆ ಏನರೆ ಬರ್ತೈತೇನು?"

ಅಪ್ಪನ ಕಣ್ಣು ಮೂಲೆಯ ಗಾಜಿನ ಕಪಾಟಿನ ಮೇಲೆ ಬಿತ್ತು. ಒಳಗೆ ಶಾಲೆಯ ಬ್ಯಾಂಡ್ ಸೆಟ್ಟು ಧೂಳು ಹೊದ್ದು ಕುಳಿತಿತ್ತು: ಎಂಟು ಸೈಡ್ ಡ್ರಮ್ಮು, ಒಂದು ದೊಡ್ಡ ಡ್ರಮ್ಮು, ನಾಲ್ಕು ಜೊತೆ ಝಾಂಜಿನ ತಾಳ. ಕಲಿಸುತ್ತಿದ್ದ ಮಾಸ್ತರರು ಧಾರವಾಡಕ್ಕೆ ಹೋಗಿ ಎರಡು ವರ್ಷವಾಗಿತ್ತು. ಆಗ ಅಪ್ಪನ ಬಾಯಿಂದ ಬಂದದ್ದೇ ಮೇಲೆ ಹೇಳಿದ ಮಾತು.

ಬಾಯಾರು ಕನ್ನಡಕ ತೆಗೆದು ಅವನನ್ನು ಹೊಸದಾಗಿ ನೋಡಿದರು. "ಇಷ್ಟ ವರ್ಷ ಬಾಯಿ ಮುಚಗೊಂಡು ಕುಂತಿದ್ದೆಲ್ಲೋ. ಡಿಸೆಂಬರದಾಗ ಸಾಲಿ ಬ್ಯಾಂಡಿನ ಸ್ಪರ್ಧಾ ಐತಿ. ಹದಿಮೂರು ಹುಡುಗ್ರನ್ನ ತಯಾರ ಮಾಡು. ಚಲೋ ಆತಂದ್ರ ಕಮಿಟಿ ಮುಂದ ನಿನ್ನ ನೌಕರಿ ಸಲುವಾಗಿ ನಾ ನಿಂದರ್ತೀನಿ. ಆಗಲಿಲ್ಲಂದ್ರ ನನ್ನ ಕಡೆ ಮಾತಿಲ್ಲ, ನೋಡು."

"ಆಗ್ತೈತ್ರಿ. ಸ್ಪರ್ಧಾ ಎಲ್ಲೈತ್ರಿ?"

"ಖಾನಾಪುರದಾಗ. ನಿನ್ನ ಬ್ಯಾಂಡಿನ ಊರಾಗನ."

ಅಪ್ಪ ಮನೆಗೆ ಬಂದಾಗ ಅವನ ಮುಖ ನೋಡಿ ಅವ್ವ ಮೊದಲು ಕುಡಿಯಲು ನೀರು ಕೊಟ್ಟಳು, ಆಮೇಲೆ ವಿಷಯ ಕೇಳಿದಳು. ಕೇಳಿ ಮುಗಿದ ಮೇಲೆ ಆ ನೀರು ತನಗೇ ಬೇಕಾಯಿತು.

"ಡ್ರಮ್ಮ ಯಾವತ್ತರೆ ಮುಟ್ಟೀರೇನ್ರಿ ನೀವು?"

"ಮುಟ್ಟೀನೆಲಾ."

"ಯಾವಾಗ?"

"ಟೆಂಪೋದಾಗಿಂದ ಇಳಿಸುವಾಗ."

ಬ್ಯಾಂಡ್ ಕಂಪನಿಯಲ್ಲಿ ಅಪ್ಪನ ಕೆಲಸ ಜನರೇಟರಿನ ಗಾಡಿ ದೂಡುವುದಾಗಿತ್ತು. ಮದುವೆ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಬ್ಯಾಂಡು, ಆಮೇಲೆ ಕುಣಿಯುವವರು, ಆಮೇಲೆ ಮದುಮಗ, ಅವನ ಹಿಂದೆ ಹೆಂಗಸರು, ಎಲ್ಲರ ಹಿಂದೆ ಹೊಗೆ ಬಿಡುತ್ತ ಜನರೇಟರು, ಅದರ ಹಿಂದೆ ನಮ್ಮಪ್ಪ. ಹೀಗಾಗಿ ಹನ್ನೆರಡು ವರ್ಷ ಅವನು ಬ್ಯಾಂಡನ್ನು ಕೇಳಿದ್ದೆಲ್ಲ ಹಿಂದಿನಿಂದ. ಆದರೆ ಕೇಳಿದ್ದರಲ್ಲಿ ಒಂದು ಪೆಟ್ಟನ್ನೂ ಮರೆತಿರಲಿಲ್ಲ. ಇಡೀ ಬ್ಯಾಂಡು ಅವನ ಬಾಯೊಳಗಿತ್ತು. "ಧನಕ ಧನಕ ಧಿನ್, ತಡಕ ತಡಕ ಧಿನ್" ಎಂದು ಶುರು ಮಾಡಿದರೆ ಉಸಿರು ಮುಗಿಯುವ ತನಕ ತಾಳ ತಪ್ಪುತ್ತಿರಲಿಲ್ಲ.

ತೊಂದರೆಯಿದ್ದದ್ದು ಕೈಯಲ್ಲಿ. ಶಾಲೆಯಿಂದ ಎರಡು ಕೋಲು ತಂದು, ಜೋಳದ ಹಿಟ್ಟಿನ ಡಬ್ಬಿಯನ್ನು ಬೋರಲು ಹಾಕಿ ಅವನು ಕಲಿಯಲು ಕುಳಿತ. ಬಾಯಿ ಖಾನಾಪುರಕ್ಕೆ ಹೊರಟರೆ ಕೈ ಗೋಕಾಕಕ್ಕೆ ಹೊರಡುತ್ತಿತ್ತು. ಖಾಸಬಾಗದಲ್ಲಿ ನಾವಿರುವುದು ನಾಲ್ಕು ಮನೆಗಳಿಗೆ ಒಂದೇ ಅಂಗಳವಿರುವ ಕಡೆ. ಮೂರನೆಯ ದಿನ ಅಪ್ಪನ ಬಲಗೈಯ ಕೋಲು ಹಾರಿ ಅಂಗಳ ದಾಟಿ ನೆರೆಮನೆಯ ಸಾತವ್ವನ ಸಂಡಿಗೆಯ ಮೇಲೆ ಬಿತ್ತು. ಸಾತವ್ವ ಕೋಲನ್ನು ಎರಡು ಬೆರಳಲ್ಲಿ ಹಿಡಿದು ತಂದು ಹೊಸ್ತಿಲಲ್ಲಿಟ್ಟು, ಏನೂ ಅನ್ನದೆ ಹೋದಳು. ಸಾತವ್ವ ಏನೂ ಅನ್ನದೆ ಹೋದಳೆಂದರೆ ಊರಿಗೆಲ್ಲ ಹೇಳಲು ಹೋದಳು ಎಂದು ಅರ್ಥ.

ನಾನು ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಎದ್ದು ನಿಂತು ಓದು ಎಂದರೆ ಧ್ವನಿ ಹೊರಡುತ್ತಿರಲಿಲ್ಲ, ಕುಳಿತು ಹೊಲಿ ಎಂದರೆ ಹೊಲಿಯುತ್ತಿದ್ದೆ. ಹೀಗಾಗಿ ಹೊಲಿಗೆ ಯಂತ್ರದ ಮುಂದೆ ಕುಳಿತೇ ಇದನ್ನೆಲ್ಲ ನೋಡುತ್ತಿದ್ದೆ. ನಾಲ್ಕನೆಯ ದಿನ ಅಪ್ಪ ಮುಖ ತೊಳೆಯಲು ಬಚ್ಚಲಿಗೆ ಹೋದಾಗ ಕೋಲು ತೆಗೆದುಕೊಂಡು, ಅವನು ಮೂರು ದಿನ ಬಾಯಿಯಲ್ಲಿ ಹೇಳಿದ್ದನ್ನು ಒಮ್ಮೆ ಡಬ್ಬಿಯ ಮೇಲೆ ಬಾರಿಸಿದೆ. ಅಪ್ಪ ಮುಖದ ತುಂಬ ಸಾಬೂನು ನೊರೆ ಹೊತ್ತು ಓಡಿ ಬಂದ.

"ಯಾರ ಬಾರಿಸಿದವ್ರು? ಭರಮಣ್ಣ ಬಂದಾನೇನು?"

ಭರಮಣ್ಣ ಎಂದರೆ ಭರಮಪ್ಪ, ಖಾನಾಪುರದ ಆ ಬ್ಯಾಂಡ್ ಕಂಪನಿಯ ಮಾಲೀಕ. ನಾನು ಆಗಲೇ ಹೊಲಿಗೆಗೆ ಬಗ್ಗಿದ್ದೆ.

"ನಿಮ್ಮ ಮಗಳ ಬಾರಿಸಿದ್ಲು," ಅಂದಳು ಅವ್ವ. "ಇನ್ನೊಮ್ಮೆ ಬಾರಸು ಅಂತ ಮುಂದ ನಿಂದರಬ್ಯಾಡ್ರಿ. ಯಾರರೆ ನೋಡಾಕತ್ತಾರಂದ್ರ ಅಕಿ ಕೈ ಏಳಂಗಿಲ್ಲ."

ಅಪ್ಪ ಗೋಡೆಯ ಕಡೆ ಮುಖ ಮಾಡಿ ಕುಳಿತ. ಅಂದಿನಿಂದ ನಮ್ಮ ಮನೆಯಲ್ಲಿ ವಿದ್ಯಾಭ್ಯಾಸ ಈ ಪ್ರಕಾರ ನಡೆಯಿತು: ಅಪ್ಪ ಗೋಡೆಗೆ ಹೇಳುವನು, ನಾನು ಡಬ್ಬಿಗೆ ಬಾರಿಸುವೆನು. ರವಿವಾರ ಹದಿಮೂರು ಮಕ್ಕಳು ಮನೆಗೆ ಬಂದು ನನ್ನ ಕೈ ನೋಡಿ ಕಲಿತರು. ಮಕ್ಕಳು ಕೈಯನ್ನಷ್ಟೇ ನೋಡುತ್ತಾರೆ, ಮುಖ ನೋಡುವುದಿಲ್ಲ, ಹೀಗಾಗಿ ನಡೆಯಿತು. ಸೋಮವಾರದಿಂದ ಶನಿವಾರದವರೆಗೆ ಶಾಲೆಯ ಮೈದಾನದಲ್ಲಿ ಅಪ್ಪ ಬಗಲಲ್ಲಿ ಒಂದು ಬೆತ್ತ ಹಿಡಿದು ಬಾಯಿಂದ ಹೇಳುತ್ತ ತಿರುಗಾಡಿದರೆ, ಮಕ್ಕಳು ರವಿವಾರದ ಕೈಯಿಂದ ಬಾರಿಸುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಶಾಲೆಯ ಬ್ಯಾಂಡಿಗೆ ಬೇಕಾದದ್ದು ಕವಾಯತಿನ ಪೆಟ್ಟು, ಎಡ ಬಲ, ಎಡ ಬಲ. ಅಪ್ಪನ ಬಾಯಲ್ಲಿದ್ದದ್ದು ಪೂರ್ತಿ ಮದುವೆಯ ಪೆಟ್ಟು. ಈ ಭೇದ ಖಾಸಬಾಗದಲ್ಲಿ ಎಲ್ಲರಿಗೂ ತಿಳಿಯಿತು, ನಮ್ಮ ಮನೆಯೊಂದನ್ನು ಬಿಟ್ಟು.

"ನಿಮ್ಮ ನಿಖಿತಾಗ ವರ ಗೊತ್ತಾಗೇತಿ ಅಂದ್ರ ಬಾಜೂಕಿನವರಿಗೆ ಹೇಳಬಾರದೇನವಾ?" ಎಂದು ಸಾತವ್ವ ನಳದ ಹತ್ತಿರ ಅವ್ವನನ್ನು ತಡೆದಳು. "ದಿನಾ ವಾದ್ಯ ಹಚ್ಚೀರಿ."

"ಸಾಲಿ ಬ್ಯಾಂಡ್ ಅಕ್ಕಾ ಅದು."

"ಹೂಂ, ಸಾಲಿ ಬ್ಯಾಂಡು. ನನ್ನ ಮಗಳ ಲಗ್ನದಾಗೂ ಇದನ್ನ ಬಾರಿಸಿದ್ರು. ಅದೂ ಸಾಲಿ ಬ್ಯಾಂಡನ ಇದ್ದೀತು."

ಮುಂದಿನ ವಾರ ಹಲಸಿಯಿಂದ ನನ್ನ ಸೋದರತ್ತೆ ಇಳಿದಳು. ಚೀಲದಲ್ಲಿ ನನಗೊಂದು ಹಸಿರು ರೇಷ್ಮೆ ಸೀರೆ, ಮುಖದಲ್ಲಿ ಸಿಟ್ಟು. "ಇದ್ದಾಕಿ ಒಬ್ಬಾಕಿ ತಂಗಿ ನಾ. ಬ್ಯಾಂಡ್ ಹಚ್ಚೂತನಕ ನನಗ ಸುದ್ದಿ ಇಲ್ಲ ಅಂದ್ರ ಹ್ಯಾಂಗ ಅಣ್ಣಾ?" ಎಂದು ಅಪ್ಪನನ್ನು ಕೇಳಿ ಅತ್ತಳು. ಎರಡು ದಿನ ತಿಳಿಸಿ ಹೇಳಿದೆವು. ನಂಬದೆ ಹೊರಟಳು, ಆದರೆ ಸೀರೆಯನ್ನು ಮಾತ್ರ ಇಟ್ಟೇ ಹೋದಳು.

ಶಾಲೆಯಲ್ಲಿ ಕಾಂತಾ ಬಾಯಾರು ಒಂದೇ ಸೂಚನೆ ಕೊಟ್ಟಿದ್ದರು: ಸ್ಪರ್ಧೆಯ ಮುಖ್ಯ ಅತಿಥಿಗಳಿಗೆ ಬ್ಯಾಂಡಿನಿಂದ ಸರಿಯಾದ ಮರ್ಯಾದೆ ಸಲ್ಲಬೇಕು. ಬೇರೆ ಶಾಲೆಯವರು ಇದಕ್ಕೆ ವೇದಿಕೆಯ ಮುಂದೆ ಹಾಯುವಾಗ ಬಲಕ್ಕೆ ಕತ್ತು ತಿರುಗಿಸಿ ಮುಂದೆ ಸಾಗುತ್ತಾರೆ. ಅಪ್ಪನಿಗೆ ಗೊತ್ತಿದ್ದ ಮರ್ಯಾದೆ ಒಂದೇ ತರಹದ್ದು, ಮದುಮಗನದ್ದು. ಅವನು ಟವಲನ್ನು ತಲೆಗೆ ಫೇಟಾದಂತೆ ಸುತ್ತಿ, ಕೊರಳಿಗೆ ಕಾಗದದ ಮಾಲೆ ಹಾಕಿಕೊಂಡು, ಮೈದಾನದ ನಡುವೆ ಸ್ಟೂಲಿನ ಮೇಲೆ ಕುಳಿತ.

"ನೋಡ್ರಿ ಹುಡುಗ್ರಾ. ಫೇಟಾ ಸುತ್ತಿ ಹಾರ ಹಾಕ್ಕೊಂಡಾವ್ರು ಕಂಡ್ರ ಅವರ ಮುಂದ ಹೋಗಿ, ಅವರ ಕಡೆ ಮಾರಿ ಮಾಡಿ ನಿಂದ್ರೂದು. ಅವರು ಎದ್ದು ನಡದ್ರ ಅವರ ಮುಂದ ಮುಂದ ನಡಿಯೂದು. ಅವರು ಹೊಸ್ತಿಲಾ ದಾಟಿ ಮನಿಯೊಳಗ ಕಾಲಿಡೂತನಕ ಕೈ ನಿಂದರಬಾರದು. ಕಾಲಿಟ್ರು ಅಂದ್ರ ಒಂದ ಏಟಿಗೆ ಬಂದ್."

ದೊಡ್ಡ ಡ್ರಮ್ಮು ಹೊತ್ತವಳು ಐದನೆಯ ಇಯತ್ತೆಯ ಸೃಷ್ಟಿ. ಮುಂದಿನಿಂದ ನೋಡಿದರೆ ಡ್ರಮ್ಮಿಗೇ ಎರಡು ಕಾಲು ಮೂಡಿದಂತೆ ಕಾಣುತ್ತಿದ್ದಳು. ಅವಳು ಡ್ರಮ್ಮಿನ ಮೇಲಿಂದ ಇಣುಕಿ ಕೇಳಿದಳು: "ಅವರ ಮನಿ ದೂರ ಇದ್ದರ ಸರ್?"

ಹದಿನಾಲ್ಕು ವರ್ಷ ಆ ಶಾಲೆಯಲ್ಲಿ ಅಪ್ಪನನ್ನು ಮಕ್ಕಳು ಕರೆದದ್ದು ಮಾಮಾ ಎಂದು. ಸರ್ ಅನ್ನಿಸಿಕೊಂಡದ್ದು ಅದೇ ಮೊದಲು. ಆ ಒಂದು ಶಬ್ದಕ್ಕೆ ಅವನು ಅವರನ್ನು ಗೋವಾದವರೆಗೂ ನಡೆಸುತ್ತಿದ್ದ. "ಎಷ್ಟ ದೂರ ಇದ್ರೂ," ಅಂದ.

ದಿನಾಲೂ ಅಪ್ಪ ಟವಲಿನ ಫೇಟಾದಲ್ಲಿ ಮೈದಾನ ಸುತ್ತಿ ಆಫೀಸಿನ ಹೊಸ್ತಿಲು ದಾಟುವನು, ಹದಿಮೂರು ಮಕ್ಕಳ ಕೈ ಒಂದೇ ಏಟಿಗೆ ನಿಲ್ಲುವುದು. ಮೊಣಕಾಲು ನೋವಿನ ಕಾಂತಾ ಬಾಯಾರು ಕೆಳಗಿಳಿಯದೆ, ಮೇಲಿನ ಮಹಡಿಯ ಕಿಟಕಿಯಿಂದ ನೋಡಿ ಮೆಚ್ಚಿದರು. ಟವಲು ಬಿಸಿಲಿಗೆ ಸುತ್ತಿದ್ದು ಎಂದುಕೊಂಡಿದ್ದರಂತೆ. ಮಾಲೆಯ ಬಗ್ಗೆ ಏನೆಂದುಕೊಂಡಿದ್ದರೋ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸ್ಪರ್ಧೆಯ ದಿನ ಶಾಲೆಯ ಬಸ್ಸಿನಲ್ಲಿ ಖಾನಾಪುರಕ್ಕೆ ಹೊರಟೆವು. ಮಕ್ಕಳ ಕೆಂಪು ಕೋಟುಗಳನ್ನು ಹೊಲಿದವಳು ನಾನು, ಗುಂಡಿ ಕಿತ್ತರೆ ಹಚ್ಚಲು ಬೇಕೆಂದು ನನ್ನನ್ನೂ ಕರೆದೊಯ್ದರು. ಇದ್ದ ಒಂದೇ ಹೊಸ ಸೀರೆ ಎಂದು ಅವ್ವ ನನಗೆ ಅತ್ತೆಯ ಹಸಿರು ಸೀರೆ ಉಡಿಸಿದ್ದಳು. ಅಪ್ಪ ತಲೆಗೆ ಮಂಕಿ ಟೋಪಿ, ಬಾಯಿಗೆ ಮಾಸ್ಕು, ಕಣ್ಣಿಗೆ ಕರಿ ಚಸ್ಮಾ ಹಾಕಿದ್ದ.

"ಏನಾಗೇತಿ ನಾಗಲಿಂಗ?" ಎಂದರು ಬಾಯಾರು.

"ನೆಗಡಿ ಆಗೇತ್ರಿ," ಎಂದ ಅಪ್ಪ, ಮತ್ತು ನಿಜ ಮಾಡಲು ಎರಡು ಸಲ ಸೀನಿದ.

ಯಾರೂ ಗುರುತು ಹಿಡಿಯಬಾರದು, ಅಷ್ಟೇ. ಭರಮಪ್ಪನ ಬ್ಯಾಂಡಿನ ಅಂಗಡಿ ಇರುವುದು ಖಾನಾಪುರದ ಪೇಟೆಯ ನಡುವೆ. ಅಲ್ಲಿಯ ಅರ್ಧ ಊರು ಅಪ್ಪನನ್ನು ಜನರೇಟರಿನ ಹಿಂದೆ ನೋಡಿದೆ. ಅದರಲ್ಲಿ ಒಬ್ಬ ಬಂದು ಬಾಯಾರ ಕಿವಿಗೆ ಹಾಕಿದರೆ ನೌಕರಿ ಹೋಯಿತು.

ಮುಖ್ಯ ಅತಿಥಿಗಳು ಬಾಳಾಸಾಹೇಬರು. ಅಕ್ಕಿ ಗಿರಣಿಯ ಮಾಲೀಕರು, ಅರವತ್ತೈದರ ಮೇಲೆ ವಯಸ್ಸು, ಯಾರು ಕರೆದರೂ ಹೋಗುವ ಒಳ್ಳೆಯ ಸ್ವಭಾವ. ವೇದಿಕೆ ಹತ್ತಿದೊಡನೆ ಸಂಘಟಕರು ನಮ್ಮ ಕಡೆಯ ಪದ್ಧತಿಯಂತೆ ಅವರಿಗೆ ಶಾಲು ಹೊದಿಸಿ, ಮಾರುದ್ದದ ಹಾರ ಹಾಕಿ, ತಲೆಗೆ ಜರಿಯ ತುರಾಯಿಯಿರುವ ಗುಲಾಬಿ ಫೇಟಾ ಸುತ್ತಿದರು. ನಾನು ನಮ್ಮ ಮಕ್ಕಳ ಕಡೆ ನೋಡಿದೆ. ಸಾಲಿನಲ್ಲಿದ್ದ ಸೃಷ್ಟಿಯ ಕಣ್ಣು ಅವರ ಮೇಲೆ ನೆಟ್ಟಿತ್ತು.

ನಮ್ಮದು ನಾಲ್ಕನೆಯ ತಂಡ. ಮೊದಲ ಮೂರು ಶಾಲೆಯವರು ಎಡ ಬಲ ಎಂದು ಹಾಯ್ದು ಹೋದರು, ಜನ ಶೇಂಗಾ ತಿನ್ನುತ್ತಿದ್ದರು. ನಮ್ಮ ಮಕ್ಕಳು ಧನಕ ಧನಕ ಧಿನ್ ಎಂದು ಒಳಗೆ ಬಂದೊಡನೆ ಶೇಂಗಾ ನಿಂತಿತು. ಹಿಂದೆ ಕುಳಿತವರು ಎದ್ದರು. ಎದ್ದವರ ಭುಜ ಕುಣಿಯತೊಡಗಿತು. ಮಕ್ಕಳು ನೇರ ವೇದಿಕೆಯ ಮುಂದೆ ಹೋಗಿ, ಬಾಳಾಸಾಹೇಬರ ಕಡೆ ಮುಖ ಮಾಡಿ ನಿಂತರು. ನಿಂತೇ ಇದ್ದರು. ಐದು ನಿಮಿಷದ ಅವಧಿ ಮುಗಿದು ಸೀಟಿ ಊದಿದರು. ಎರಡನೆಯ ಸೀಟಿ ಊದಿದರು. ಐದನೆಯ ತಂಡ ಬಾಗಿಲಲ್ಲಿ ಬಂದು ನಿಂತಿತು.

ಬಾಳಾಸಾಹೇಬರು ಸಂಭಾವಿತರು. ಮಕ್ಕಳು ತಮ್ಮ ಆಶೀರ್ವಾದಕ್ಕೆ ಕಾಯುತ್ತಿದ್ದಾರೆಂದು ತಿಳಿದು, ಎದ್ದು ಮೆಟ್ಟಿಲಿಳಿದು ಬಂದರು. ಅವರು ಒಂದು ಹೆಜ್ಜೆ ಮುಂದಿಟ್ಟರು. ಬ್ಯಾಂಡು ಒಂದು ಹೆಜ್ಜೆ ಹಿಂದೆ ಸರಿದು, ತಿರುಗಿ, ಅವರ ಮುಂದೆ ನಡೆಯತೊಡಗಿತು. ತಮ್ಮನ್ನು ಎಲ್ಲಿಗೋ ಕರೆದೊಯ್ಯುವ ಕಾರ್ಯಕ್ರಮವಿದೆ ಎಂದು ಬಾಳಾಸಾಹೇಬರು ತಿಳಿದರು. ಬಾಳಾಸಾಹೇಬರೇ ಹೀಗೆ ಹೇಳಿರಬೇಕೆಂದು ಸಂಘಟಕರು ತಿಳಿದರು. ಸಂಘಟಕರು ಸದಾಶಿವನಗರದ ಶಾಲೆಗೆ ಈ ವಿಶೇಷ ಗೌರವ ಕೊಟ್ಟರೆಂದು ತಿಳಿದ ಕಾಂತಾ ಬಾಯಾರು ವೇದಿಕೆಯ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೀಗೆ ಎಲ್ಲರ ಒಪ್ಪಿಗೆಯಿಂದ, ಯಾರ ಅಪ್ಪಣೆಯೂ ಇಲ್ಲದೆ, ಮುಖ್ಯ ಅತಿಥಿಗಳು ಬ್ಯಾಂಡಿನ ಸಮೇತ ಗೇಟು ದಾಟಿ ರಸ್ತೆಗೆ ಬಿದ್ದರು.

ನಾನು ಅಪ್ಪನ ತೋಳು ಹಿಡಿದು ಎಳೆದೆ. "ಅಪ್ಪಾ, ಮುಂದ ಹೋಗಿ ನಿಲ್ಲಸು."

"ಮುಂದ ಹ್ಯಾಂಗ ಹೋಗ್ಲಿ? ಎಲ್ಲಾರೂ ನೋಡ್ತಾರ. ಭರಮಣ್ಣನ ಅಂಗಡಿ ಒಂದ ದಾಟ್ಲಿ ತಡಿ."

ಆದರೆ ಮಕ್ಕಳನ್ನು ಬಿಟ್ಟಿರಲು ಅವನಿಂದಾಗಲಿಲ್ಲ. ಮೆರವಣಿಗೆಯ ಹಿಂದೆ ಸೇರಿಕೊಂಡ. ಹಿಂದೆ ನಿಂತದ್ದೇ ತಡ, ಅವನ ಕೈಕಾಲಿಗೆ ಬೇರೆಯೇ ಕಳೆ ಬಂತು. ಬಸ್ಸು ಬಂದರೆ ಅಂಗೈ ತೋರಿಸಿ ನಿಲ್ಲಿಸಿದ. ಕಬ್ಬಿನ ಟ್ರ್ಯಾಕ್ಟರಿಗೆ ಬದಿಗೆ ಹೋಗೆಂದು ಸನ್ನೆ ಮಾಡಿದ. ಸಾಲು ತಪ್ಪಿದ ಝಾಂಜಿನ ಮಗುವನ್ನು ಹೆಗಲು ಹಿಡಿದು ಒಳಗೆ ಸೇರಿಸಿದ. ನಿಂತ ಬಸ್ಸಿನ ಕಿಟಕಿಯಿಂದ ಒಬ್ಬ ಮುದುಕಿ ಮರಾಠಿಯಲ್ಲಿ, "ಲಗ್ನ ಕೋಣಾಚ ಆಹೆ?" ಎಂದು ಕೇಳಿದಳು. "ಬಾಳಾಸಾಹೇಬರದ ಲಗ್ನ," ಎಂದು ಪಾನಂಗಡಿಯವನು ಹೇಳಿದ. ಫೇಟಾ ಇದೆ, ಹಾರ ಇದೆ, ಬ್ಯಾಂಡಿದೆ, ಅವನ ತಪ್ಪೇನು?

ದಣಿದ ಬಾಳಾಸಾಹೇಬರು ಒಂದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತರು. ಅಂಗಡಿಗೆ ಹೊಸ್ತಿಲಿರಲಿಲ್ಲ. ಬ್ಯಾಂಡು ಅವರ ಮುಂದೆ ನಿಂತು, ಮದುಮಗ ಕುಳಿತಾಗ ಬಾರಿಸುವ ಕುಣಿತದ ಪೆಟ್ಟಿಗೆ ತಿರುಗಿತು. ನಾಲ್ಕು ಜನ ಕುಣಿಯಲು ಇಳಿದರು. "ಅರೇ, ಸಾಕಾತ್ರಿ ಮಕ್ಕಳ, ಸಾಕು," ಎಂದು ಬಾಳಾಸಾಹೇಬರು ಎರಡೂ ಕೈ ಎತ್ತಿದರು. ಕೈ ಎತ್ತಿದ್ದನ್ನು ಕುಣಿಯಲು ಎತ್ತಿದ್ದೆಂದು ತಿಳಿದ ಒಬ್ಬ ಅವರನ್ನೂ ಎಳೆದುಕೊಂಡ. ಬಿಡಿಸಿಕೊಂಡು ಅವರು ಬಿರಬಿರನೆ ನಡೆದರು. ಮಕ್ಕಳೂ ಬಿರಬಿರನೆ ನಡೆದರು. ಭರಮಪ್ಪನ ಅಂಗಡಿ ಬಂತು. ಭರಮಪ್ಪ ತನಗೆ ಹೇಳದೆ ತನ್ನ ಊರಲ್ಲಿ ಯಾವ ಕಂಪನಿ ಬಾರಿಸುತ್ತಿದೆ ಎಂದು ನೋಡಲು ಹೊರಗೆ ಬಂದು, ನೋಡಿ, ಬಾಯಿ ತೆರೆದು, ತಾನೂ ಜೊತೆಗೆ ನಡೆಯತೊಡಗಿದ. ಅಪ್ಪ ಮಂಕಿ ಟೋಪಿಯನ್ನು ಇನ್ನಷ್ಟು ಕೆಳಗೆಳೆದ.

ಸುದ್ದಿ ಬ್ಯಾಂಡಿಗಿಂತ ಜೋರಾಗಿ ನಡೆಯುತ್ತದೆ. ನಾವು ಬಾಳಾಸಾಹೇಬರ ಮನೆಗೆ ಬರುವ ಹೊತ್ತಿಗೆ ಅವರ ಹೆಂಡತಿ ಅಕ್ಕಾತಾಯಿಯವರಿಗೆ ಮೂರು ಫೋನು ಬಂದಿದ್ದವು. ಮೊದಲನೆಯದರಲ್ಲಿ ಮೆರವಣಿಗೆ, ಎರಡನೆಯದರಲ್ಲಿ ಮದುವೆ, ಮೂರನೆಯದರಲ್ಲಿ ಹುಡುಗಿ ಬೆಳಗಾವಿಯವಳು ಎಂಬ ವಿವರ. ಅವರು ಬಾಗಿಲಿನ ಎರಡೂ ಚೌಕಟ್ಟಿಗೆ ಕೈ ಊರಿ ಹೊಸ್ತಿಲ ಮೇಲೆ ನಿಂತಿದ್ದರು.

"ಅಲ್ಲೇ ನಿಂದರ್ರಿ. ಎಲ್ಲೆದಾಳ ಅಕಿ?"

"ಏನಂದಿ?" ಎಂದರು ಬಾಳಾಸಾಹೇಬರು. ಡ್ರಮ್ಮಿನಲ್ಲಿ ಏನೂ ಕೇಳುತ್ತಿರಲಿಲ್ಲ.

"ಎಲ್ಲೆದಾಳ ಅಂದೆ."

"ಹಿಂದ ಅದಾರ," ಎಂದರು ಅವರು. ಸಂಘಟಕರು ಎಲ್ಲಿ ಎಂದು ಹೆಂಡತಿ ಕೇಳುತ್ತಿದ್ದಾಳೆಂದು ತಿಳಿದಿದ್ದರು.

ಅಕ್ಕಾತಾಯಿಯವರು ಹಿಂದೆ ನೋಡಿದರು. ಹಿಂದೆ ಹಸಿರು ರೇಷ್ಮೆ ಸೀರೆಯುಟ್ಟು, ತಲೆ ತಗ್ಗಿಸಿ, ಯಾರ ಕಣ್ಣಿಗೂ ಬೀಳದಂತೆ ನಿಂತ ಬೆಳಗಾವಿಯ ಹುಡುಗಿ ಒಬ್ಬಳೇ ಒಬ್ಬಳಿದ್ದಳು. ಜನವೆಲ್ಲ ಅವರ ದೃಷ್ಟಿಯ ಹಿಂದೆಯೇ ತಿರುಗಿ ನನ್ನನ್ನು ನೋಡಿತು. ಯಾರೋ ಅಯ್ಯೋ ಪಾಪ ಅಂದರು.

ಅಪ್ಪ ಟೋಪಿ ತೆಗೆದ. ಮಾಸ್ಕು ತೆಗೆದ. ಚಸ್ಮಾ ತೆಗೆದು ಜೇಬಿಗಿಟ್ಟ. ಜನರನ್ನು ಸರಿಸಿಕೊಂಡು ಹೋಗಿ ಎಲ್ಲರಿಗಿಂತ ಮುಂದೆ ನಿಂತು ಅಕ್ಕಾತಾಯಿಯವರಿಗೆ ಕೈಮುಗಿದ.

"ಅಕಿ ನನ್ನ ಮಗಳ್ರಿ, ಅಕ್ಕಾರ. ಗುಂಡಿ ಹಚ್ಚಾಕ ಬಂದಾಳ. ಲಗ್ನ ಗಿಗ್ನ ಏನಿಲ್ರಿ. ತಪ್ಪ ನಂದು. ಹಾರ ಹಾಕ್ಕೊಂಡಾವ್ರು ಮನಿಯೊಳಗ ಕಾಲಿಡೂತನಕ ನಿಲ್ಲಸಬ್ಯಾಡ್ರಿ ಅಂತ ನಾನ ಕಲಿಸೀನಿ. ಸಾಹೇಬರನ್ನ ಒಂದ ಹೆಜ್ಜಿ ಒಳಗ ತಗೋರಿ, ಕೂಸುಗಳ ಕೈ ಸೋತಾವ."

"ಲೇ," ಎಂದು ಗುಂಪಿನಿಂದ ಭರಮಪ್ಪನ ಧ್ವನಿ ಬಂತು. "ಇವ ನಮ್ಮ ಜನರೇಟರ್ ನಾಗ್ಯಾ ಅಲ್ಲೇನು?"

ಅಪ್ಪ ತಿರುಗಿ ನೋಡಲಿಲ್ಲ. ಅಕ್ಕಾತಾಯಿಯವರು ಅಪ್ಪನನ್ನು ನೋಡಿದರು, ಡ್ರಮ್ಮು ಹೊತ್ತು ಬೆವರುತ್ತಿದ್ದ ಸೃಷ್ಟಿಯನ್ನು ನೋಡಿದರು, ಕೊನೆಗೆ ಗುಲಾಬಿ ಫೇಟಾ ಕಿವಿಯ ಮೇಲೆ ಜಾರಿದ್ದ ತಮ್ಮ ಗಂಡನನ್ನು ನೋಡಿದರು. ಮುಖ ಒಂದು ಕಡೆಯಿಂದ ಸಡಿಲಾಗುತ್ತ ಬಂತು.

"ಹಂಗಾರ ಒಂದ ಮಿನಿಟ ತಡೀರಿ," ಎಂದು ಒಳಗೆ ಹೋಗಿ ಆರತಿ ತಟ್ಟೆ ತಂದರು. "ನಮ್ಮ ಲಗ್ನದಾಗ ನಮ್ಮ ಮಾವನವ್ರು ಗದ್ದಲಾ ಬ್ಯಾಡಂತ ಬ್ಯಾಂಡ ಹಚ್ಚಗೊಡಲಿಲ್ಲ. ನಲವತ್ತು ವರ್ಷ ಆತು. ಇನ್ನೊಂದೀಟ ಬಾರಸ್ರಿ, ಮಕ್ಕಳ."

ಆರತಿ ಆಯಿತು. ಬಾಳಾಸಾಹೇಬರು ನಾಚಿಕೊಂಡು ಬಲಗಾಲು ಒಳಗಿಟ್ಟರು.

ಹದಿಮೂರು ಮಕ್ಕಳ ಇಪ್ಪತ್ತಾರು ಕೈ ಒಂದೇ ಏಟಿಗೆ ನಿಂತವು. ಪೇಟೆಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು.

"ಮೂವತ್ತು ವರ್ಷ ಕಂಪನಿ ನಡಸೀನಿ," ಎಂದ ಭರಮಪ್ಪ, ಯಾರಿಗೂ ಅಲ್ಲದೆ. "ನನ್ನ ಮಂದಿ ಒಂದ ದಿನಾನೂ ಹಿಂಗ ನಿಂತಿಲ್ಲ."

ಅಷ್ಟರಲ್ಲಿ ಆಟೋದಿಂದ ಕಾಂತಾ ಬಾಯಾರು ಇಳಿದರು. ಮೈದಾನದಲ್ಲಿ ಕೊನೆಯ ಹಾಜರಿಗೆ ನಮ್ಮ ಶಾಲೆಯ ಹೆಸರನ್ನು ಮೂರು ಸಲ ಕೂಗಿ ಗೈರುಹಾಜರು ಎಂದು ಬರೆದಿದ್ದರು. ಬಾಯಾರು ಅಪ್ಪನನ್ನು ಬಿಟ್ಟು ನೇರ ಭರಮಪ್ಪನನ್ನೇ ಹಿಡಿದರು, ಅಂಗಡಿಯ ಹೆಸರಿದ್ದ ಅಂಗಿ ಅವನ ಮೈಮೇಲಿತ್ತು.

"ಬ್ಯಾಂಡ್ ಕಂಪನಿ ನಿಮ್ಮದಾ? ಈ ಮನಿಶ್ಯಾ ನಿಮ್ಮ ಹಂತೇಕ ಏನ ಬಾರಸ್ತಿದ್ದ?"

ಭರಮಪ್ಪ ಅಪ್ಪನ ಮುಖ ನೋಡಿದ, ಬಾಯಾರ ಮುಖ ನೋಡಿದ, ಗಂಟಲು ಸರಿಮಾಡಿಕೊಂಡ. "ದೊಡ್ಡ ಡ್ರಮ್ಮ ಬಾರಸ್ತಿದ್ದರಿ. ಇವನಂಥಾವ ಮತ್ತ ಸಿಗಲಿಲ್ಲ ನಮಗ."

"ಇಲ್ರಿ ಬಾಯಾರ," ಎಂದ ಅಪ್ಪ. "ಜನರೇಟರಿನ ಗಾಡಿ ದೂಡ್ತಿದ್ದೆ. ನನಗ ಬಾರಸಾಕ ಬರಂಗಿಲ್ಲ."

"ಮತ್ತ ಇವಕ್ಕ ಕೈ ಯಾರ ಹಚ್ಚಿ ಕಲಿಸ್ಯಾರ?"

"ಅಕ್ಕಾರು," ಎಂದಳು ಸೃಷ್ಟಿ, ಡ್ರಮ್ಮಿನ ಕೋಲಿನಿಂದಲೇ ನನ್ನ ಕಡೆ ತೋರಿಸಿ. ನಾನು ಕಂಬದ ಹಿಂದೆ ಹೋಗಿದ್ದೆ. ಸೀರೆ ಹೊರಗಿತ್ತು.

ಬಾಯಾರು ಬಾಯಿ ತೆರೆಯುವ ಮೊದಲು ಒಳಗಿನಿಂದ ಬಾಳಾಸಾಹೇಬರು ಬಂದರು. ಫೇಟಾ ಇನ್ನೂ ತಲೆಯ ಮೇಲಿತ್ತು. "ಬಾಯಾರ, ಒಂದ ಮಾತ ಹೇಳ್ತೀನಿ. ಇಪ್ಪತ್ತು ವರ್ಷದಿಂದ ನಾ ಮುಖ್ಯ ಅತಿಥಿ ಆಗಕೋತ ಬಂದೀನಿ. ಬರೂಮುಂದ ಕಾರ್ ಕಳಸ್ತಾರ, ಹಾರ ಹಾಕ್ತಾರ. ಭಾಷಣ ಮುಗಿದ ಮ್ಯಾಲ ಈ ಮುದುಕ ಹ್ಯಾಂಗ ಮನಿಗಿ ಹೋದ ಅಂತ ಇವತ್ತಿನತನಕ ಒಬ್ಬರೂ ಕೇಳಿಲ್ಲ. ಇವು ಹದಿಮೂರು ಕೂಸು ಮನಿ ಮುಟ್ಟಿಸಿದ್ವು ನೋಡ್ರಿ. ನೀವು ಸಿಟ್ಟ ಆಗಬ್ಯಾಡ್ರಿ, ಬರ್ರಿ, ಕುಂದರ್ರಿ, ಶಿರಾ ಆಗೇತಿ."

ಶಿರಾ ತಿನ್ನುತ್ತ ಸಿಟ್ಟಾಗುವುದು ಕಷ್ಟ. ಬಾಯಾರು ಪ್ರಯತ್ನ ಮಾಡಿದರು, ಎರಡನೆಯ ಸಲ ಬಡಿಸಿದಾಗ ಬಿಟ್ಟುಕೊಟ್ಟರು. ಮರಳಿ ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಅಪ್ಪನನ್ನು ಕರೆದರು.

"ಪೇಟ್ಯಾಗ ಎಷ್ಟ ಗಾಡಿ ನಿಲ್ಲಿಸಿದಿ?"

"ಎಣಿಸಿಲ್ರಿ."

"ಹದಿಮೂರು ಹುಡುಗ್ರು, ಒಂದಕ್ಕೂ ತರಚಿಲ್ಲ. ಈ ಬಸ್ಸಿಗೆ ಹುಡುಗ್ರನ್ನ ಹತ್ತಿಸಿ ಇಳಿಸಾಕ ಒಬ್ಬ ಮನಿಶ್ಯಾ ಬೇಕಂತ ಪಾಲಕರು ದಿನಾ ಫೋನ್ ಮಾಡ್ತಾರ. ಕಮಿಟಿಗೆ ಹೇಳ್ತೀನಿ. ಸೋಮವಾರದಿಂದ ಈ ಬಾಗಲದಾಗ ನಿಂದ್ರು." ಆಮೇಲೆ ತಿರುಗದೆಯೇ, ಹಿಂದಿನ ಸೀಟಿಗೆ ಕೇಳುವಂತೆ ಹೇಳಿದರು: "ಅಕೀನೂ ಕರಕೊಂಡ ಬಾ. ಮುಂದಿನ ವರ್ಷ ಗೈರುಹಾಜರ ಅನ್ನಿಸಿಕೊಳ್ಳೂದು ಬ್ಯಾಡ ನಮಗ. ಎಡ ಬಲ ಕಲಸ್ಲಿ."

ನಾನು ಇಲ್ಲವೆಂದು ತಲೆಯಾಡಿಸಿದೆ. ಬಾಯಾರು ಹಿಂದೆ ನೋಡುತ್ತಿರಲಿಲ್ಲವಾದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಸೋಮವಾರ ಅಪ್ಪ ಬಸ್ಸಿನ ಬಾಗಿಲಲ್ಲಿ ನಿಂತು ನಲವತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿ, ಕೊನೆಗೆ ನನ್ನನ್ನೂ ಇಳಿಸಿ, ಗೇಟಿನೊಳಗೆ ಮೆಲ್ಲಗೆ ದೂಡಿದ. ಮೈದಾನದಲ್ಲಿ ಹದಿಮೂರು ಜನ ಡ್ರಮ್ಮು ಝಾಂಜು ಹಿಡಿದು ಕಾಯುತ್ತಿದ್ದರು. ಯಾವ ಮನೆಯ ಹೊಸ್ತಿಲೂ ಬೇಕಾಗದಂತೆ ನಿಲ್ಲುವುದನ್ನು ಅವರಿಗೆ ಮೊದಲು ಕಲಿಸಬೇಕಿತ್ತು. ಕೈ ಎತ್ತಿದರೆ ನಿಲ್ಲಿಸಿರಿ ಎಂದು ಸೃಷ್ಟಿಯ ಕಿವಿಯಲ್ಲಿ ಹೇಳಿದೆ, ಅವಳು ಎಲ್ಲರಿಗೂ ಕೂಗಿ ಹೇಳಿದಳು. ಬಾರಿಸಿದರು. ನಾನು ಕೈ ಎತ್ತಿದೆ. ಒಂದೇ ಏಟಿಗೆ ನಿಂತರು.

ಬಾರಿಸುವಾಗ ಎಲ್ಲರೂ ತಮ್ಮ ತಮ್ಮ ಕೈ ನೋಡುತ್ತಿದ್ದರು. ಈಗ ಹದಿಮೂರು ಮುಖಗಳೂ ನನ್ನ ಕಡೆಗಿದ್ದವು, ಮೈದಾನ ಸದ್ದಿಲ್ಲದೆ ಬಿದ್ದಿತ್ತು, ಕೈ ಇನ್ನೂ ಮೇಲೆಯೇ ಇತ್ತು. ಏನಾದರೂ ಹೇಳಲೇಬೇಕಿತ್ತು.

"ಮತ್ತ ಸುರು ಮಾಡ್ರಿ," ಅಂದೆ.